ನಿತ್ಯ ಎಲ್‌ಕೆಜಿ

ಮನೆಯ ಫೋಟೋ ತಿದ್ದುವ, ಜೋಡಿಸಿಡುವ ಸಾಫ್ಟ್‌ವೇರ್‌ಗಳೆಲ್ಲ ಒಂದೇ ರಾಗ ಹಾಡುತ್ತವೆ. ತುಂಬಾ ಸುಲಭ. ಏನೂ ಗೊತ್ತಿಲ್ಲದವರೂ ಮಾಡಬಹುದು.

ಹಾಗಿದ್ದರೆ ಭಾನುವಾರ ಬೆಳಿಗ್ಗೆ ಮನೆಮನೆಯಲ್ಲೂ ಈ ಕೂಗಾಟ ಯಾಕೆ?

"ದೊಡ್ಡಪ್ಪ, ಬಲಗಡೆ ಮೇಲೆ ಮೂರು ಚುಕ್ಕಿ ಕಾಣ್ತಿದ್ಯಾ?"

"ಚುಕ್ಕಿ ಇಲ್ಲಮ್ಮ, ಏನೋ ಗೆರೆ ಇದೆ."

"ಮುಗೀತು, ಅಪ್‌ಡೇಟ್ ಆಗ್ಬಿಟ್ಟಿದೆ. ಏನೂ ಮುಟ್ಬೇಡಿ. ಹಬ್ಬಕ್ಕೆ ಬಂದಾಗ ನಾನೇ ನೋಡ್ತೀನಿ."

ಸುಲಭದ ಕೆಲಸ ಹಬ್ಬಕ್ಕೆ ಹೋಯಿತು. ದೊಡ್ಡಪ್ಪನ ತಪ್ಪೇನೂ ಇಲ್ಲ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು, ಒಂದು ಪೈಸೆ ಹೆಚ್ಚುಕಮ್ಮಿಯಾದರೆ ರಾತ್ರಿ ಕೂತು ಟ್ಯಾಲಿ ಮಾಡಿ ಎದ್ದು ಬರುತ್ತಿದ್ದ ಮನುಷ್ಯ. ಅಂಥವರನ್ನು ಮೂರು ಚುಕ್ಕಿ ಹುಡುಕುವ ಮಗುವಾಗಿ ಕೂರಿಸಿದ್ದು ಯಾರು?

ಲೈಟ್‌ರೂಮ್ ಕ್ಲಾಸಿಕ್ ತೆರೆಯಿರಿ. ಮೊದಲು ಇಂಪೋರ್ಟ್ ಮಾಡು ಎನ್ನುತ್ತದೆ. ಮಾಡುತ್ತೀರಿ. ಮಗಳ ಮದುವೆ, ಮೊಮ್ಮಗನ ನಾಮಕರಣ, ಧರ್ಮಸ್ಥಳದ ಟ್ರಿಪ್ಪು ಪರದೆ ಮೇಲೆ ಸಾಲಾಗಿ ಬಂದು ನಿಲ್ಲುತ್ತವೆ. ಎಲ್ಲ ಒಳಗೆ ಬಂತಲ್ಲ, ಹೊರಗಿನ ಫೋಲ್ಡರ್ ದಂಡಕ್ಕೆ ಯಾಕೆ ಎಂದು ಅಳಿಸಿ ಹಾಕುತ್ತೀರಿ. ಅಲ್ಲಿಗೆ ಮದುವೆ ಮುಗಿಯಿತು. ಯಾಕೆಂದರೆ ಲೈಟ್‌ರೂಮಿನ ಒಳಗೆ ಫೋಟೋ ಇರುವುದೇ ಇಲ್ಲ. ಯಾವ ಫೋಟೋ ಎಲ್ಲಿದೆ, ಅದಕ್ಕೆ ಏನೇನು ತಿದ್ದುಪಡಿ ಎಂಬ ಲೆಕ್ಕವಷ್ಟೇ ಅದರ ಕ್ಯಾಟಲಾಗ್‌ನಲ್ಲಿರುತ್ತದೆ. ಅಳಿಸುವುದೂ ಬೇಡ. ಫೋಲ್ಡರನ್ನು ಡಿ ಡ್ರೈವ್‌ಗೆ ಸರಿಸಿ ನೋಡಿ. ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡು ಮುಖ ತಿರುಗಿಸುತ್ತದೆ.

ಇದನ್ನೆಲ್ಲ ಮೊದಲೇ ಹೇಳಬಾರದಿತ್ತೇ? ಹೇಳಿದ್ದಾರೆ. ಇಂಪೋರ್ಟ್ ಪರದೆಯಲ್ಲಿ, ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಓದಿದವನಿಗೂ ಅರ್ಥವಾಗಬಾರದು ಎಂಬ ಎಚ್ಚರಿಕೆಯಿಂದ.

ಹಳೆಯ ಪಿಕಾಸಾ ಸಾಫ್ಟ್‌ವೇರ್ ಇದಕ್ಕಿಂತ ವಾಸಿಯಾಗಿತ್ತು ಎಂದು ನಿಟ್ಟುಸಿರು ಬಿಡುವವರಿದ್ದಾರೆ. ಅವರಿಗೆ ಬೀಗರು ಮರೆತುಹೋಗಿದ್ದಾರೆ.

ಮದುವೆ ಫೋಟೋದ ಮೂಲೆಯಲ್ಲಿ ಬೀಗರೊಬ್ಬರು ಬಾಯ್ತೆರೆದು ಆಕಳಿಸುತ್ತಿರುತ್ತಾರೆ. ಪಕ್ಕದಲ್ಲೊಂದು ಎಂಜಲೆಲೆ. ಪಿಕಾಸಾದಲ್ಲಿ ಕ್ರಾಪ್ ಒತ್ತಿ ಎರಡನ್ನೂ ಕತ್ತರಿಸುತ್ತೀರಿ. ಪರದೆಯಲ್ಲಿ ವಧೂವರರು ಮಾತ್ರ, ಲಕ್ಷಣವಾಗಿ. ಆ ಫೈಲನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಸ್ಟುಡಿಯೋಗೆ ಕೊಡುತ್ತೀರಿ. ಲ್ಯಾಮಿನೇಷನ್ ಆಗಿ, ಫ್ರೇಮ್ ಸಮೇತ ಮನೆಗೆ ಬಂದ ಫೋಟೋದಲ್ಲಿ ಬೀಗರು ಹಾಜರ್! ಆಕಳಿಕೆ ದೊಡ್ಡ ಸೈಜಿನಲ್ಲಿ. ನೀವು ಕತ್ತರಿಸಿದ್ದನ್ನು ಪಿಕಾಸಾ ಫೋಟೋದ ಮೇಲೆ ಬರೆದಿರಲಿಲ್ಲ. ಅದೇ ಫೋಲ್ಡರಿನಲ್ಲಿ ಬಚ್ಚಿಟ್ಟ ಒಂದು ಪುಟ್ಟ ಫೈಲಿನಲ್ಲಿ ಗುಟ್ಟಾಗಿ ಬರೆದುಕೊಂಡಿತ್ತು. ಸೇವ್ ಅನ್ನು ಬೇರೆಯಾಗಿ ಒತ್ತಬೇಕಿತ್ತಂತೆ. ಮೂಲಪ್ರತಿ ಕೆಡದಿರಲಿ ಎಂಬ ಒಳ್ಳೆಯ ಉದ್ದೇಶವಂತೆ. ಉದ್ದೇಶ ಒಳ್ಳೆಯದೇ. ಅದನ್ನು ಬೀಗರಿಗೆ ವಿವರಿಸುವವರು ಯಾರು?

ಆದರೂ ಜನ ಹಟ ಬಿಡಲಿಲ್ಲ. ನಿವೃತ್ತ ಮೇಷ್ಟ್ರುಗಳು, ಎಲ್‌ಐಸಿಯವರು, ಗೃಹಿಣಿಯರು ಕೂತು ಕಲಿತರು. ಸೇವ್ ಒತ್ತುವುದು ಕಲಿತರು. ಕೆಂಪುಗಣ್ಣು ತೆಗೆಯುವುದು ಕಲಿತರು. ಒಂದೊಂದೇ ಮುಖಕ್ಕೆ ಅತ್ತೆ, ಸೋದರಮಾವ, ಓರಗಿತ್ತಿ ಎಂದು ಹೆಸರು ಹಚ್ಚಿದರು.

ಕಲಿತು ಮುಗಿಯುತ್ತಿದ್ದಂತೆ ಶಾಲೆಗೇ ಬೀಗ. 2004ರಲ್ಲಿ ಪಿಕಾಸಾವನ್ನು ಕೊಂಡು ಪುಕ್ಕಟೆ ಹಂಚಿದ ಗೂಗಲ್, 2016ರ ಮಾರ್ಚ್ 15ಕ್ಕೆ ಅದರ ಕೈಬಿಟ್ಟಿತು. ಹಾಕಿಕೊಂಡವರು ಇಟ್ಟುಕೊಳ್ಳಿ, ನಾವು ಮಾತ್ರ ಇನ್ನು ತಿರುಗಿ ನೋಡುವುದಿಲ್ಲ ಎಂದಿತು. ಗೂಗಲ್ ಒಂದೇ ಪಾಪಿ ಅಂದುಕೊಳ್ಳಬೇಡಿ. ಆಪಲ್ ಕಂಪನಿ ಐಫೋಟೋ, ಅಪರ್ಚರ್ ಎರಡನ್ನೂ 2015ರಲ್ಲಿ ಮೂಲೆಗೆ ತಳ್ಳಿ ಹೊಸ ಫೋಟೋಸ್ ತಂದಿತು. ಮೈಕ್ರೋಸಾಫ್ಟ್ ತನ್ನ ಫೋಟೋ ಗ್ಯಾಲರಿಯನ್ನು 2017ರ ಜನವರಿಯಲ್ಲಿ ಮುಗಿಸಿತು. ಅಡೋಬಿ 2013ರಲ್ಲೇ ಫೋಟೋಶಾಪನ್ನು ಬಾಡಿಗೆಗೆ ಬಿಟ್ಟಿತ್ತು. ಕಾಸು ಕೊಟ್ಟು ಸ್ವಂತಕ್ಕೆ ಕೊಳ್ಳಬಹುದಾಗಿದ್ದ ಕೊನೆಯ ಲೈಟ್‌ರೂಮ್ ಬಂದದ್ದು 2015ರಲ್ಲಿ. ಹೊಸಬರಿಗೆಂದೇ 2001ರಿಂದ ಮಾರುತ್ತಿದ್ದ ಫೋಟೋಶಾಪ್ ಎಲಿಮೆಂಟ್ಸ್ ಒಂದು ಉಳಿದಿತ್ತು. 2025ರ ಆವೃತ್ತಿಯಿಂದ ಅದಕ್ಕೂ ಮೂರು ವರ್ಷದ ವಾಯಿದೆ. ಮೂರು ವರ್ಷವಾದ ಮೇಲೆ ಮತ್ತೆ ದುಡ್ಡು ಬಿಚ್ಚಿ.

ಇಷ್ಟೆಲ್ಲ ಆಕಸ್ಮಿಕ ಎಂದು ನಂಬುವವರು ನಂಬಲಿ. ಕಲಿತವನಿಂದ ಇವರಿಗೆ ಏನು ಬರುತ್ತದೆ? ಅವನು ಹಳೆಯ ಆವೃತ್ತಿ ಇಟ್ಟುಕೊಂಡು ಹಾಯಾಗಿರುತ್ತಾನೆ. ಹೊಸಬನಾದರೆ ಹೆದರುತ್ತಾನೆ. ಕೇಳಿದ ಕಡೆಯೆಲ್ಲ ಓಕೆ ಒತ್ತುತ್ತಾನೆ. ಆದ್ದರಿಂದ ಯಾರನ್ನೂ ಎಲ್‌ಕೆಜಿ ದಾಟಿಸುವಂತಿಲ್ಲ. ಯುಕೆಜಿಗೆ ಕಾಲಿಡುವಷ್ಟರಲ್ಲಿ ಸಿಲಬಸ್ ಬದಲಾಯಿಸಬೇಕು. ಫೀಸು ಮಾತ್ರ ಪ್ರತಿ ತಿಂಗಳು, ತಪ್ಪದೆ.

ಪುಕ್ಕಟೆ ಜಿಂಪ್ ಇದೆಯಲ್ಲ ಎನ್ನುವ ಪಂಡಿತರಿಗೂ ಕೊರತೆಯಿಲ್ಲ. ಇದೆ. ಬಾಡಿಗೆಯಿಲ್ಲ, ಕರುಣೆಯೂ ಇಲ್ಲ. ಫೋಟೋ ತಿದ್ದಿ ಸೇವ್ ಒತ್ತಿದರೆ ಎಕ್ಸ್‌ಸಿಎಫ್ ಎಂಬ ಫೈಲ್ ಹುಟ್ಟುತ್ತದೆ. ಅದನ್ನು ವಾಟ್ಸ್ಆ್ಯಪ್‌ನಲ್ಲಿ ಅತ್ತಿಗೆಗೆ ಕಳಿಸಿ. ಓಪನ್ನೇ ಆಗ್ತಿಲ್ಲ ಎಂದು ಫೋನ್ ಬರುತ್ತದೆ. ಜೆಪೆಗ್ ಬೇಕಾದರೆ ಎಕ್ಸ್‌ಪೋರ್ಟ್ ಎಂದು ಕೇಳಬೇಕಿತ್ತಂತೆ. ಕೇಳದಿದ್ದದ್ದು ಅತ್ತಿಗೆಯ ಕರ್ಮ.

ಇನ್ನು ಜೋಡಿಸಿಡುವ ವೈಭವ. ಎಲ್ಲವನ್ನೂ ದಿನಾಂಕದ ಪ್ರಕಾರ ಆ್ಯಪ್ ತಾನೇ ಸಾಲಾಗಿ ಇಡುತ್ತದಂತೆ. ಇಡುತ್ತದೆ. ಅಜ್ಜಿಯ ಮದುವೆಯ ಕಪ್ಪುಬಿಳುಪು ಫೋಟೋವನ್ನು ನಿನ್ನೆ ಸ್ಕ್ಯಾನ್ ಮಾಡಿದ್ದರೆ, ಅಜ್ಜಿಗೆ ನಿನ್ನೆಯೇ ಮದುವೆ. ಪಕ್ಕದಲ್ಲಿ ನಿನ್ನೆ ತಿಂದ ಮಸಾಲೆದೋಸೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೋದಿಂದ ತೆಗೆದ ದಿನ, ಜಾಗ ಎಲ್ಲವೂ ಉದುರಿಹೋಗಿರುತ್ತದೆ. ಎಂದೋ ಹೋಗಿದ್ದ ಕೊಡಚಾದ್ರಿ ಚಾರಣ ಫಾರ್ವರ್ಡ್ ಆದ ದಿನಕ್ಕೆ ಬಂದು ಕೂರುತ್ತದೆ. ಆಮೇಲೆ ಒಂದು ದಿನ 'ನೆನಪುಗಳು' ಎಂದು ತಾನಾಗಿಯೇ ಪೋಣಿಸಿ ತೋರಿಸುತ್ತದೆ. ಮಾವನವರ ವೈಕುಂಠ ಸಮಾರಾಧನೆ, ಕರೆಂಟ್ ಬಿಲ್ಲು, ಆಧಾರ್ ಕಾರ್ಡಿನ ಹಿಂಬದಿ. ಹಿನ್ನೆಲೆಯಲ್ಲಿ ಕುಣಿಯುವ ಸಂಗೀತ.

ಫೋಟೋದಲ್ಲಿ ಏನಿದೆ ಎಂದು ಗುರುತಿಸುವ ಜಾಣತನದ ಕಥೆ ಇನ್ನೊಂದು. 2015ರಲ್ಲಿ ಗೂಗಲ್ ಫೋಟೋಸ್ ಇಬ್ಬರು ಕಪ್ಪು ವರ್ಣೀಯರನ್ನು ಗೊರಿಲ್ಲಾ ಎಂದು ವಿಂಗಡಿಸಿತು. ಕಂಪನಿ ಕ್ಷಮೆ ಕೇಳಿತು. ಮಾಡಿಕೊಂಡ ಪರಿಹಾರವೆಂದರೆ ಗೊರಿಲ್ಲಾ ಎಂಬ ಹೆಸರನ್ನೇ ಪಟ್ಟಿಯಿಂದ ತೆಗೆದದ್ದು.

ಆ ಸುದ್ದಿ ಓದಿ ಛೀ ಎಂದ ನಮ್ಮವರೇ ಎಡಿಟಿಂಗ್ ಆ್ಯಪ್ ಸಿಕ್ಕ ಕೂಡಲೇ ಮೊದಲು ಹುಡುಕಿದ್ದು ಏನನ್ನು? ಬೆಳ್ಳಗೆ ಮಾಡುವ ಸ್ಲೈಡರನ್ನು. ಅದನ್ನು ಹುಡುಕಲು ಯಾವ ತಮ್ಮನ ಮಗಳ ಸಹಾಯವೂ ಬೇಡ. ಕ್ರಾಪ್ ಬಾರದ ಚಿಕ್ಕಮ್ಮನಿಗೂ ಅದು ಬರುತ್ತದೆ. ಮದುವೆಗಿರುವ ಮಗಳ ಫೋಟೋ ಎದುರಿಗಿಟ್ಟುಕೊಂಡು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಬೆರಳು ಎಳೆಯುತ್ತಾರೆ. ಮುಖ ಒಬ್ಬರದು, ಕೈ ಇನ್ನೊಬ್ಬರದು ಎನಿಸುವವರೆಗೆ. ಆ ಕಡೆಯ ಮನೆಯಲ್ಲಿ ಹುಡುಗನ ಫೋಟೋಗೂ ಅದೇ ಪೂಜೆ ನಡೆಯುತ್ತಿರುತ್ತದೆ. ಕೊನೆಗೆ ಎರಡು ಸಾಫ್ಟ್‌ವೇರ್‌ಗಳಿಗೆ ಜಾತಕ ಕೂಡಿ ಬರುತ್ತದೆ.

ಇಷ್ಟನ್ನೂ ಇಡುವುದೆಲ್ಲಿ? ಗೂಗಲ್ ಫೋಟೋಸ್ 2015ರ ಮೇ ತಿಂಗಳಲ್ಲಿ ಶುರುವಾದಾಗ ಮಿತಿಯೇ ಇಲ್ಲ, ಉಚಿತ ಎಂದಿತ್ತು. ನಮಗೆ ಅಷ್ಟು ಸಾಕಲ್ಲ. ಉಚಿತ ಎಂದರೆ ನಾವು ಪಾತ್ರೆ ಹಿಡಿದು ಓಡುವ ಜನ. ಸುರಿದೆವು. 2020ರ ನವೆಂಬರಿನಲ್ಲಿ ಕಂಪನಿಯೇ ಲೆಕ್ಕ ಕೊಟ್ಟಿತು. 4 ಲಕ್ಷ ಕೋಟಿಗೂ ಹೆಚ್ಚು ಫೋಟೋ ಬಂದು ಬಿದ್ದಿವೆ. ವಾರಕ್ಕೆ 2,800 ಕೋಟಿ ಹೊಸ ಫೋಟೋ, ವಿಡಿಯೋ. ಲೆಕ್ಕ ಹೇಳಿದ ಉಸಿರಿನಲ್ಲೇ, 2021ರ ಜೂನ್ 1ರಿಂದ ಹೊಸದಾಗಿ ಹಾಕುವುದೆಲ್ಲ 15 ಜಿಬಿಯೊಳಗೆ, ಮೀರಿದರೆ ಹಣ ಎಂದಿತು. ಬಿಟ್ಟು ಹೋಗುತ್ತೇನೆ ಎನ್ನುತ್ತೀರಾ? ಧಾರಾಳವಾಗಿ. ಟೇಕ್‌ಔಟ್ ಮೂಲಕ ಎಲ್ಲ ಇಳಿಸಿಕೊಂಡರೆ ಫೋಟೋ ಒಂದು ಕಡೆ, ನೀವು ಕೂತು ಸರಿಪಡಿಸಿದ ದಿನಾಂಕ ಬೇರೆ ಫೈಲಿನಲ್ಲಿ ಇನ್ನೊಂದು ಕಡೆ. ಹೊಂದಿಸಿಕೊಳ್ಳಿ. ತುಂಬಾ ಸುಲಭ.

ಆ 15 ಜಿಬಿಯಲ್ಲಿ ಜಿಮೇಲ್‌ಗೂ ಪಾಲಿದೆ. ಭರ್ತಿಯಾದರೆ ಮೇಲ್ ಬರುವುದೂ ನಿಲ್ಲುತ್ತದೆ. ಅಳಿಸೋಣವೆಂದರೆ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಒಂದೇ ಭಂಗಿಯ ಹದಿನೆಂಟು ಫೋಟೋ ಇದ್ದರೂ, ಇರ್ಲಿ ಬಿಡಿ, ಯಾವುದಾದ್ರೂ ಬೇಕಾಗಬಹುದು. ಫ್ಯಾಮಿಲಿ ಗ್ರೂಪಿನಿಂದ ಬಂದದ್ದಂತೂ ಮುಟ್ಟುವ ಹಾಗಿಲ್ಲ, ಕಳಿಸಿದವರು ಹಿರಿಯರು. ಪಿಂಚಣಿಯ ಮೇಲ್ ಜಾಗವಿಲ್ಲದೆ ವಾಪಸ್ ಹೋಗಿದೆ. ಗುಡ್ ಮಾರ್ನಿಂಗ್ ಗುಲಾಬಿಗಳೆಲ್ಲ ಬ್ಯಾಕಪ್ ಆಗಿವೆ.