ಧ್ವಜ ಗಿರಣಿಯದು, ಪತ್ರಿಕೆ ಕೈಯದು

ಅಮೆರಿಕದವರ ಸ್ವಾತಂತ್ರ್ಯೋತ್ಸವ ಜುಲೈ 4ಕ್ಕೆ, ಒಳ್ಳೆ ಬೇಸಿಗೆಯಲ್ಲಿ ಬೀಳುತ್ತದೆ. ಹಿತ್ತಲಲ್ಲಿ ಒಲೆ ಹೂಡಿ, ಮಕ್ಕಳ ಕೈಲಿ ಕೆಂಪು, ಬಿಳಿ, ನೀಲಿ ಕಾಗದ ಕತ್ತರಿಸಿ ಕರೆಯೋಲೆ ಮಾಡಿಸಿ, ಆಚೀಚೆ ಮನೆಯವರನ್ನು ಊಟಕ್ಕೆ ಕರೆಯುತ್ತಾರೆ. ನಮ್ಮದು ಬರುವುದು ಆಗಸ್ಟ್ 15ಕ್ಕೆ, ಘಟಪ್ರಭೆ ಕೆಂಪಾಗಿ ಉಕ್ಕುವ ಹೊತ್ತಿಗೆ. ಹಿಡಕಲ್ ಜಲಾಶಯದಿಂದ ಎಷ್ಟು ನೀರು ಬಿಟ್ಟರು ಎಂದು ಕೇಳುತ್ತ ಲೋಳಸೂರ ಸೇತುವೆಯ ಕಡೆ ಕಣ್ಣಿಟ್ಟು ಕೂತವರಿಗೆ ಹಬ್ಬದ ಲಹರಿ ಎಲ್ಲಿಂದ ಬರಬೇಕು? 2019ರ ಆಗಸ್ಟಿನಲ್ಲಂತೂ ಹೊಳೆಯೇ ಕರೆಯದೆ ಬಂದು ಗೋಕಾಕದ ಪೇಟೆಯೊಳಗೆ ಬಿಡಾರ ಹೂಡಿತ್ತು. ಇಂಥ ಹಸಿ ಹಬ್ಬಕ್ಕೆ ಡ್ರಾಯಿಂಗ್ ಶೀಟು, ಅಂಟು, ಜಲವರ್ಣಗಳ ಪತ್ರಿಕೆ ಮಾಡಿಸುವ ಯೋಚನೆ ಯಾವ ಪುಣ್ಯಾತ್ಮರಿಗೆ ಮೊದಲು ಹೊಳೆಯಿತೋ ಗೊತ್ತಿಲ್ಲ. ಈಗ ಗೋಕಾಕ, ಮೂಡಲಗಿ, ಹುಕ್ಕೇರಿಯ ಸ್ವಲ್ಪ ಫೀ ಜಾಸ್ತಿಯಿರುವ ಯಾವ ಶಾಲೆಗೆ ಮಗುವನ್ನು ಹಾಕಿದರೂ ಇದರಿಂದ ಬಿಡುಗಡೆಯಿಲ್ಲ.

ಆದೇಶ ಬರುವುದು ವಾಟ್ಸ್ಆ್ಯಪಿನಲ್ಲಿ, ಆಗಸ್ಟ್ 13ರ ರಾತ್ರಿ, ಊಟದ ತಾಟು ತೊಳೆದಿಟ್ಟ ಮೇಲೆ. ‘ನಾಳೆ ಪ್ರತಿ ಮಗುವೂ ಸ್ವತಃ ಕೈಯಿಂದ ತಯಾರಿಸಿದ ಆಮಂತ್ರಣ ಪತ್ರಿಕೆ ತರತಕ್ಕದ್ದು.’ ಸ್ವತಃ ಎಂದರೆ ಯಾರು ಎಂಬುದು ಊರಿಗೆಲ್ಲ ಗೊತ್ತು. ಮಗು ಒಂಬತ್ತಕ್ಕೆ ಮಲಗುತ್ತದೆ. ಅವ್ವ ಹನ್ನೆರಡರವರೆಗೆ ಕೈವಾರ ಹಿಡಿದು ಅಶೋಕ ಚಕ್ರದ ಗೆರೆ ಎಳೆಯುತ್ತಾಳೆ. ಗೆರೆ 24 ಇರಬೇಕು, ಎರಡು ಗೆರೆಗಳ ನಡುವೆ 15 ಡಿಗ್ರಿ ಕೋನ. ಇಪ್ಪತ್ತೆರಡಕ್ಕೆ ಜಾಗ ಮುಗಿದುಹೋಗುತ್ತದೆ. ಅಪ್ಪ ಮೊಬೈಲಿನಲ್ಲಿ ಎಣಿಸಿ ‘ಎರಡು ಕಡಿಮಿ ಬಿದ್ದಾವ ನೋಡ’ ಎನ್ನುತ್ತಾನೆ. ದೇಶಪ್ರೇಮದಲ್ಲಿ ಅವನ ಪಾಲು ಅಷ್ಟು.

ಬುದ್ಧಿವಂತರು ಈ ತಾಪತ್ರಯಕ್ಕೂ ದಾರಿ ಕಂಡುಕೊಂಡಿದ್ದಾರೆ. ಸ್ಟೇಷನರಿ ಅಂಗಡಿಯಲ್ಲಿ ಈಗ ಕೈಯಿಂದ ತಯಾರಿಸಿದ ಪತ್ರಿಕೆಗಳು ಡಜನ್ ಲೆಕ್ಕದಲ್ಲಿ ತಯಾರಾಗಿಯೇ ಸಿಗುತ್ತವೆ. ಅಂಚು ಬೇಕೆಂತಲೇ ಸ್ವಲ್ಪ ಸೊಟ್ಟ, ಮಗುವೇ ಮಾಡಿತೆನ್ನುವ ನಂಬಿಕೆ ಬರಲಿ ಎಂದು. ಯಂತ್ರಕ್ಕೆ ಸೊಟ್ಟ ಕತ್ತರಿಸುವುದನ್ನು ಕಲಿಸಿದ ಕಂಪನಿಗೆ ಶರಣು. ಇದೆಲ್ಲ ನಡೆಯುತ್ತಿರುವುದು ಯಾವ ಊರಲ್ಲಿ? ಮರದ ತುಂಡು ಕೆತ್ತಿ, ಬಣ್ಣ ಬಳಿದು, ಬಾಳೆಹಣ್ಣು, ಮಾವಿನಹಣ್ಣು, ಬದನೆಕಾಯಿ ಮಾಡಿಟ್ಟರೆ ನಿಜವೆಂದು ಬಾಯಿಗಿಡಬೇಕು ಎನ್ನಿಸುವ ಕೆಲಸಕ್ಕೆ ಹೆಸರಾದ ಗೋಕಾಕದಲ್ಲಿ. ಗೋಕಾಕದ ಆಟಿಕೆ ಎಂದರೆ ಒಂದು ಕಾಲಕ್ಕೆ ಕರದಂಟಿನಷ್ಟೇ ಹೆಸರು. ಕರದಂಟು ಉಳಿಯಿತು, ತಿನ್ನುವುದು ಯಾವಾಗಲೂ ಉಳಿಯುತ್ತದೆ. ಆಟಿಕೆ ಮಾಡುವ ಕೈಗಳು ಬೆರಳೆಣಿಕೆಗೆ ಇಳಿದವು. ಅಂಥವರೊಬ್ಬರನ್ನು ಅರ್ಧ ದಿನ ಶಾಲೆಗೆ ಕರೆಸಿ ಮಕ್ಕಳ ಮುಂದೆ ಕೂರಿಸಬೇಕೆಂದು ಯಾವ ಕಮಿಟಿಗೂ ಅನ್ನಿಸುವುದಿಲ್ಲ. ಮಕ್ಕಳಿಗೆ ಕೈಕೆಲಸ ಕಲಿಸಲು ಯೂಟ್ಯೂಬು ಇದೆಯಲ್ಲ.

ಬೆಳಿಗ್ಗೆ ಆ ಪತ್ರಿಕೆಗಳನ್ನು ಗೋಡೆಗೆ ಅಂಟಿಸುತ್ತಾರೆ. ನೂರಕ್ಕೆ ತೊಂಬತ್ತರಲ್ಲಿ ತ್ರಿವರ್ಣ ಧ್ವಜ, ಅದರ ಬಿಳಿ ಪಟ್ಟೆಯ ಮೇಲೆ ಗುಂಡಗಿನ ಅಕ್ಷರದಲ್ಲಿ ‘ಸರ್ವರಿಗೂ ಸುಸ್ವಾಗತ’. ಚೆಂದ ಕಾಣುತ್ತದೆ. ಆದರೆ 1971ರ ರಾಷ್ಟ್ರೀಯ ಗೌರವಕ್ಕೆ ಅವಮಾನ ತಡೆ ಕಾಯ್ದೆಯನ್ನು ಯಾರೂ ತೆರೆದು ನೋಡಿಲ್ಲವೆಂದು ಕಾಣುತ್ತದೆ. ಧ್ವಜದ ಮೇಲೆ ಯಾವುದೇ ಬರಹ ಬರೆಯುವುದು ಅಗೌರವ ಎನ್ನುತ್ತದೆ ಅದು. ಧ್ವಜವೆಂದರೆ ಬಟ್ಟೆಯದಷ್ಟೇ ಅಲ್ಲ, ಅದರ ಚಿತ್ರವೂ ಧ್ವಜವೇ ಎಂದು ವಿವರಣೆ ಬೇರೆ ಕೊಡುತ್ತದೆ. ಶಿಕ್ಷೆ ಮೂರು ವರ್ಷದವರೆಗೆ. ಅಲ್ಲಿಗೆ ಮೂರನೇ ಇಯತ್ತೆಯ ಇಡೀ ತರಗತಿ, ಜೊತೆಗೆ ಹನ್ನೆರಡು ಗಂಟೆವರೆಗೆ ಎದ್ದಿದ್ದ ಅವ್ವಂದಿರು, ಎಲ್ಲರನ್ನೂ ಹಿಂಡಲಗಾ ಜೈಲಿಗೆ ಕಳಿಸಬೇಕಾಗುತ್ತದೆ. ಮೂಲೆಗೊಂದು ಸಿಂಹದ ಲಾಂಛನ ಅಂಟಿಸಿದವರಿಗೆ 2005ರ ಇನ್ನೊಂದು ಕಾಯ್ದೆ ಕಾದಿದೆ. ಪುಣ್ಯಕ್ಕೆ ಭಾಷಣಕ್ಕೆ ಬಂದ ಅತಿಥಿಗಳು ಗೋಡೆಯ ಕಡೆ ನೋಡುವುದಿಲ್ಲ.

ಇದಕ್ಕಿಂತ ದೊಡ್ಡ ತಮಾಷೆ ಧ್ವಜಸ್ತಂಭದ ಮೇಲಿದೆ. ಕೈಯಿಂದಲೇ ಮಾಡತಕ್ಕದ್ದು ಎಂಬ ನಿಯಮ ಈ ದೇಶದಲ್ಲಿ ನಿಜಕ್ಕೂ ಇದ್ದದ್ದು ಧ್ವಜಕ್ಕೆ. ಕೈಯಲ್ಲಿ ನೂತ, ಕೈಯಲ್ಲಿ ನೇಯ್ದ ಖಾದಿ. ಉದ್ದ ಅಗಲ 3:2. ಆ ಬಟ್ಟೆಗೆ ಧಾರವಾಡದ ಬಳಿಯ ಗರಗ ಹೆಸರಾಯಿತು. ಧ್ವಜ ಹೊಲಿಯುವುದಕ್ಕೆ ಹುಬ್ಬಳ್ಳಿಯ ಬೆಂಗೇರಿ ಹೆಸರಾಯಿತು. ಬಣ್ಣ, ಎಳೆ, ಹೊಲಿಗೆ ಒಂದು ಕೂದಲು ತಪ್ಪಿದರೂ ಅಲ್ಲಿ ಅಷ್ಟೂ ಧ್ವಜ ಬದಿಗೆ. ಇಷ್ಟು ಕಟ್ಟುನಿಟ್ಟಿನ ಕೈಕೆಲಸ ದೇಶಕ್ಕೆ ಭಾರವಾಯಿತೇನೋ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದಿ, ಯಂತ್ರದಲ್ಲಿ ತಯಾರಾದದ್ದೂ ನಡೆಯುತ್ತದೆ, ಪಾಲಿಯೆಸ್ಟರೂ ನಡೆಯುತ್ತದೆ ಎಂದರು. ಮರುವರ್ಷವೇ ಮನೆಮನೆಗೆ ತ್ರಿವರ್ಣ. ಹಾಗಾಗಿ ಈಗ ಮೇಲೆ ಹಾರುವ ಧ್ವಜ ಗಿರಣಿಯದು, ಕೆಳಗೆ ಅದನ್ನು ನೋಡಲು ಬನ್ನಿ ಎನ್ನುವ ಪತ್ರಿಕೆ ಮಾತ್ರ ಕೈಯದು. ಗೋಕಾಕದವರಿಗೆ ಇದರಲ್ಲಿ ತಕರಾರು ಇರಲಾರದು, ಜಲಪಾತದ ನೀರಿನ ಬಲದ ಮೇಲೆ 19ನೇ ಶತಮಾನದಲ್ಲೇ ನೂಲಿನ ಗಿರಣಿ ಕಂಡ ಊರು ಇದು. ಆದರೆ ನೂಲುವವರ ಹೊಟ್ಟೆಪಾಡು ಕೈಬಿಟ್ಟುಹೋದ ಮೇಲೆ ಮಕ್ಕಳ ಕೈಗೆ ಕತ್ತರಿ ಕೊಟ್ಟು ಸ್ವದೇಶಿ ಎನ್ನುವುದಿದೆಯಲ್ಲ, ಅದಕ್ಕೆ ಬೆಂಗೇರಿಯ ಹೆಣ್ಣುಮಕ್ಕಳು ಏನೆನ್ನುತ್ತಾರೆ ಎಂದು ಕೇಳಬೇಕು.

ಇನ್ನು ತಾಲೂಕು ಆಡಳಿತದ ಪತ್ರಿಕೆ. ಇದು ಕೈಯದಲ್ಲ, ಬಹುವರ್ಣದ ಅಚ್ಚಿನದು. ಇದರಲ್ಲಿ ಧ್ವಜಾರೋಹಣ ನಡೆಯುವ ವೇಳೆ, ಸ್ಥಳ ಹುಡುಕಲು ಭೂತಗನ್ನಡಿ ಬೇಕು. ಉಳಿದ ಜಾಗವೆಲ್ಲ ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ವಿಶೇಷ ಆಹ್ವಾನಿತರು. ಒಂದು ಹೆಸರು ಬಿಟ್ಟರೆ ಹಕ್ಕುಚ್ಯುತಿ, ಒಂದು ಹೆಸರು ಕೆಳಗಿಳಿದರೆ ವರ್ಗಾವಣೆ. ಗುಮಾಸ್ತನ ಸಂಕಟ ನೋಡಿ: ಗೋಕಾಕ, ಮೂಡಲಗಿಯ ಪತ್ರಿಕೆಗೆ ಬೆಳಗಾವಿಯ ಸಂಸದರು, ಹುಕ್ಕೇರಿಯದಕ್ಕೆ ಚಿಕ್ಕೋಡಿಯ ಸಂಸದರು. ಆಮೇಲೆ ಶಾಸಕರು, ವಿಧಾನ ಪರಿಷತ್ತಿನವರು. ಹುಕ್ಕೇರಿಯಲ್ಲಿ 1969ರಿಂದ ಕರೆಂಟು ಹಂಚುತ್ತಿರುವ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ, ರಾಜ್ಯದಲ್ಲಿ ಬೇರೆಲ್ಲೂ ಇಲ್ಲದ್ದು. ಆದ್ದರಿಂದ ಅಲ್ಲಿ ಬೇರೆಲ್ಲೂ ಇಲ್ಲದ ಇನ್ನೊಂದು ಹೆಸರು. ಮೂಡಲಗಿಯವರು ಗೋಕಾಕದಿಂದ ಬೇರೆಯಾಗಿ ಹೊಸ ತಾಲೂಕು ಮಾಡಿಕೊಂಡರು. ತಾಲೂಕು ಒಡೆದಾಗ ಕಟ್ಟಡ, ಸಿಬ್ಬಂದಿ ನಿಧಾನಕ್ಕೆ ಬರುತ್ತವೆ, ಆಮಂತ್ರಣ ಪತ್ರಿಕೆ ಮೊದಲ ದಿನವೇ ಬರುತ್ತದೆ.

ಅಚ್ಚಿನವರಿಗೆ ಮಾತ್ರ ಈ ಸೀಮೆಯಲ್ಲಿ ಒಂದು ಸವಲತ್ತುಂಟು. 2023ರ ವಿಧಾನಸಭೆ ಚುನಾವಣೆಯಲ್ಲಿ ಗೋಕಾಕಕ್ಕೆ ರಮೇಶ, ಅರಭಾವಿಗೆ ಬಾಲಚಂದ್ರ, ಯಮಕನಮರಡಿಗೆ ಸತೀಶ ಗೆದ್ದರು; ಮೊದಲಿಬ್ಬರು ಬಿಜೆಪಿ, ಮೂರನೆಯವರು ಕಾಂಗ್ರೆಸ್. 2021ರಲ್ಲಿ ಪರಿಷತ್ತಿಗೆ ಲಖನ್, ಪಕ್ಷೇತರ. 2024ರಲ್ಲಿ ಚಿಕ್ಕೋಡಿಯಿಂದ ಲೋಕಸಭೆಗೆ ಪ್ರಿಯಾಂಕಾ. ಎಲ್ಲರ ಅಡ್ಡಹೆಸರೂ ಜಾರಕಿಹೊಳಿ. ಒಮ್ಮೆ ಟೈಪಿಸಿಟ್ಟರೆ ಸಾಕು, ಉಳಿದದ್ದು ನಕಲು-ಅಂಟು. ಪಕ್ಷಗಳ ನಡುವೆ ಎಷ್ಟೇ ಕದನವಿರಲಿ, ಡಿಟಿಪಿ ಮಾಡುವವನ ಪಾಲಿಗೆ ಇದು ಭಾವೈಕ್ಯ.

ಹೆಸರಿನ ಪಟ್ಟಿ ಹಳೆ ಕಾಲದಲ್ಲಿರಲಿಲ್ಲ ಎಂದುಕೊಳ್ಳಬೇಡಿ. ಹಿಂದೂಸ್ತಾನಿ ಸೇವಾದಳ ಕಟ್ಟಿದ ಡಾ. ನಾ.ಸು. ಹರ್ಡೀಕರ ಅವರ ಕರ್ಮಭೂಮಿಗಳಲ್ಲಿ ಇದೇ ಗೋಕಾಕ ಸೀಮೆಯ ಘಟಪ್ರಭಾ ಒಂದು. ತಿಂಗಳ ಕೊನೆಯ ಭಾನುವಾರ ಧ್ವಜವಂದನೆ ಎಂಬ ಶಿಸ್ತು ದಳದ್ದು. ಅದಕ್ಕೆ ಪತ್ರಿಕೆ ಇರಲಿಲ್ಲ. ನಸುಕಿನಲ್ಲಿ ಪ್ರಭಾತಫೇರಿ ಹಾಡುತ್ತ ಓಣಿಯಲ್ಲಿ ಹಾದುಹೋದರೆ ಅದೇ ಕರೆ. ಬಂದವರ ಹೆಸರು ಬರೆದುಕೊಳ್ಳಲು ಪೊಲೀಸರೇ ಮೂಲೆಯಲ್ಲಿ ನಿಂತಿರುತ್ತಿದ್ದರು, ಕೈಬರಹದಲ್ಲಿ. ಆ ಪಟ್ಟಿಯಲ್ಲಿ ನನ್ನ ಹೆಸರು ಕೆಳಗೆ ಬಿತ್ತು, ಮೇಲೆ ಹಾಕಿ ಎಂದು ಯಾರೂ ತಕರಾರು ತೆಗೆದದ್ದನ್ನು ನಾನು ಓದಿಲ್ಲ.

ನನ್ನದೊಂದು ಸೂಚನೆಯಿದೆ. ಶಾಲೆಯ ಮಕ್ಕಳಿಗೆ ಹಾಕಿದ ನಿಯಮವನ್ನೇ ತಾಲೂಕು ಕಚೇರಿಗೂ ಹಾಕಿ. ಪತ್ರಿಕೆಯಲ್ಲಿ ಯಾರ ಹೆಸರು ಬರಬೇಕೋ ಅವರೇ, ಸ್ವತಃ, ತಮ್ಮ ಕೈಯಾರೆ, ಎಲ್ಲ ಪ್ರತಿಗಳಲ್ಲೂ ಆ ಹೆಸರು ಬರೆಯಬೇಕು. ಐನೂರು ಪ್ರತಿ ಎಂದರೆ ಐನೂರು ಸಲ. ಘನ ಉಪಸ್ಥಿತಿ ಎಂದು ಮುಂದೆ ಸೇರಿಸಬೇಕಾದರೆ ಅದನ್ನೂ ಐನೂರು ಸಲ. ನಲವತ್ತನೇ ಪ್ರತಿಗೆ ಬೆರಳು ಸೆಟೆದು, ಗೌರವಾನ್ವಿತ, ಮಾನ್ಯ, ಜನಪ್ರಿಯ ಎಲ್ಲ ತಾವಾಗಿ ಉದುರುತ್ತವೆ. ಎಪ್ಪತ್ತಕ್ಕೆ ಅಡ್ಡಹೆಸರು ಉದುರುತ್ತದೆ. ಸೋಬಾನೆಯವರೂ ಸೋತು ಬಿಡುವಂಥ ಬಿರುದಾವಳಿ ಹೀಗೆ ತಿಳಿಯಾದ ಮೇಲೆ ಪತ್ರಿಕೆಯಲ್ಲಿ ಉಳಿಯುವುದು ದಿನಾಂಕ, ವೇಳೆ, ಮೈದಾನ. ಜೊತೆಗೆ, ಬೇಕಾದರೆ, ಮಳೆ ಬಂದರೆ ಕಾರ್ಯಕ್ರಮ ಶಾಲೆಯ ಪಡಸಾಲೆಯಲ್ಲಿ ಎಂಬ ಒಂದು ಉಪಯುಕ್ತ ಸಾಲು. ಈವರೆಗೆ ಯಾವ ಪತ್ರಿಕೆಯಲ್ಲೂ ನಾನು ಆ ಸಾಲು ಕಂಡಿಲ್ಲ.

ಈ ಸೂಚನೆಯನ್ನು ಕಚೇರಿಯ ಪರಿಚಯದ ಗುಮಾಸ್ತರೊಬ್ಬರ ಮುಂದಿಟ್ಟೆ. ಅವರು ಗಂಭೀರವಾಗಿ ಕೇಳಿಸಿಕೊಂಡರು, ಎಲೆಯಡಿಕೆ ಬದಿಗೆ ಸರಿಸಿದರು.

‘ಐಡಿಯಾ ಭಾಳ ಚಲೋ ಐತ್ರಿ ಸರ. ಆದ್ರ ಸಾಹೇಬ್ರು ಕೈಲೆ ಎಲ್ಲಿ ಬರೀತಾರ್ರೀ? ಸಾಲಿಗೆ ಒಂದು ಸುತ್ತೋಲೆ ಕಳಿಸಿಬಿಡ್ತೀವಿ, ಐದನೇ ಇಯತ್ತೆ ಹುಡುಗರ ಅಕ್ಷರ ಮುತ್ತಿನಂಗ ಅದಾವ.’