ಕೆಂಪು ಪಾಸ್‌ಪೋರ್ಟು

(ಹಾಸನದ ಕ್ಯಾಂಟೀನು, 2024ರ ಮೇ ಕೊನೆ. ರಂಗಣ್ಣನ ಬೆರಳಿನ ವೋಟಿನ ಶಾಯಿ ಇನ್ನೂ ಪೂರ್ತಿ ಮಾಸಿಲ್ಲ.)

ರಂಗಣ್ಣ: ಮೇಷ್ಟ್ರೇ, ಏಪ್ರಿಲ್ 26ಕ್ಕೆ ವೋಟು, ಮಾರನೇ ದಿನವೇ ನಮ್ಮ ಹಾಸನದ ಸಂಸದರು ಜರ್ಮನಿಗೆ! ದಿಲ್ಲಿಗೆ ಗೊತ್ತಾಗಲಿಲ್ವಾ?

ಮೇಷ್ಟ್ರು: ವಿದೇಶಾಂಗ ಇಲಾಖೆ ಹೇಳಿದೆಯಲ್ಲಪ್ಪ, ಅನುಮತಿ ಅವರು ಕೇಳಲಿಲ್ಲ, ಇವರು ಕೊಡಲಿಲ್ಲ.

ರಂಗಣ್ಣ: ವೀಸಾ?

ಮೇಷ್ಟ್ರು: ರಾಜತಾಂತ್ರಿಕ ಪಾಸ್‌ಪೋರ್ಟಿಗೆ ಜರ್ಮನಿಯಲ್ಲಿ ವೀಸಾ ಬೇಡ.

ರಂಗಣ್ಣ: ನಮ್ಮ ಹುಡುಗ ದುಬೈಗೆ ಹೊರಟಾಗ ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸಪ್ಪ ಮನೆಗೇ ಬಂದ. ಕಾಫಿ ಕುಡಿದು, ಪಕ್ಕದ ಮನೆಯವರನ್ನೂ ವಿಚಾರಿಸಿದ!

ಮೇಷ್ಟ್ರು: ನಿಮ್ಮ ಹುಡುಗನದು ನೀಲಿ. ಸಂಸದರದು ಕೆಂಪು.

ರಂಗಣ್ಣ: ಆ ಪಾಸ್‌ಪೋರ್ಟು ರದ್ದು ಮಾಡಿ ಅಂತ ಮುಖ್ಯಮಂತ್ರಿ ಪ್ರಧಾನಿಗೆ ಎರಡೆರಡು ಸಲ ಬರೆದರಂತಲ್ಲ?

ಮೇಷ್ಟ್ರು: ಅದಕ್ಕೇ ಈಗ ನೋಟಿಸು ಹೋಗಿದೆ, ಯಾಕೆ ರದ್ದು ಮಾಡಬಾರದು ತಿಳಿಸಿ ಅಂತ.

ರಂಗಣ್ಣ: ಯಾವ ದೇಶದ ವಿಳಾಸಕ್ಕೆ?

ಮೇಷ್ಟ್ರು: (ಪೇಪರು ಮಡಚುತ್ತ) ಒಂದು ಬೈ-ಟು ಹೇಳಪ್ಪ.