ಉದಗೀರದ ‘ಕೊಲಾಬ್’ ಪ್ಯಾಂಟು

ಉದಗೀರ ಬಜಾರದ ಕೈಗಾಡಿಯ ಮೇಲೆ ರಾಶಿ ಬಿದ್ದ ಟ್ರ್ಯಾಕ್ ಪ್ಯಾಂಟುಗಳಲ್ಲಿ ಒಂದು ಮಾತಿಗೆ ಸಿಕ್ಕಿತು. ಮಗ್ಗುಲಿಗೆ ನಾಲ್ಕು ಬಿಳಿ ಪಟ್ಟಿ, ತೊಡೆಯ ಮೇಲೆ ಜಿಗಿಯುವ ಬೆಕ್ಕು, ಲಾಡಿಯ ಹತ್ತಿರ ‘ಅಡಿಬಾಸ್’ ಎಂಬ ಬರಹ.

ಮಹಾರಾಷ್ಟ್ರದಲ್ಲಿದ್ದೂ ಕನ್ನಡ ಮಾತಾಡ್ತೀರಲ್ಲ?

ಉದಗೀರ, ನಿಲಂಗಾ 1956ರ ತನಕ ಬೀದರ ಜಿಲ್ಲಾದಾಗ ಇದ್ವು, ಸಾಹೇಬ್ರ. ಲೇಬಲ್ ಬದಲಾತು, ಬಟ್ಟಿ ಅದೇ ಅದ.

ನೀವು ಯಾವ ಕಂಪನಿ?

ಅಡಿಡಾಸ್, ಪೂಮಾ ಎರಡೂ. ದೊಡ್ಡ ಪ್ಯಾಟಿಯಾಗ ಇದಕ್ಕ ‘ಕೊಲಾಬ್’ ಅಂತಾರ.

ಅಡಿಡಾಸ್‌ಗೂ ಪೂಮಾಗೂ ಆಗಿಬರೋದಿಲ್ಲವಲ್ಲ?

ಅಣ್ಣ-ತಮ್ಮರ ಜಗಳರೀ ಅದು. ಜರ್ಮನಿಯ ಒಂದ ಊರಾಗ ಕೂಡಿ ಬೂಟು ಮಾಡ್ತಿದ್ರು. ಬ್ಯಾರೆಯಾಗಿ ಅಣ್ಣ ರುಡಾಲ್ಫ್ 1948ರಾಗ ಪೂಮಾ ತೆಗೆದ, ತಮ್ಮ ಅಡಾಲ್ಫ್ 1949ರಾಗ ಅಡಿಡಾಸ್. ಎರಡೂ ಕಡೆ ನೌಕರರು ಶಾಂತಿಗಂತ ಕೂಡಿ ಫುಟ್‌ಬಾಲ್ ಆಡಿದ್ದು 2009ರಾಗ! ನನ್ನ ಹೊಲಿದಾತ ಇಬ್ಬರನ್ನೂ ಒಂದೇ ಕಾಲಿಗೆ ಕೂಡಿಸಿಬಿಟ್ಟ.

ಅಡಿಡಾಸ್‌ನವರದು ಮೂರು ಪಟ್ಟಿ, ನಿಮ್ಮದು ನಾಲ್ಕು?

ಮೂರಾದ್ರ ಕೇಸು. ಥಾಮ್ ಬ್ರೌನ್ ಅನ್ನೋ ಅಮೆರಿಕದ ಡಿಸೈನರ್ ನಾಲ್ಕು ಹಾಕಿದ್ರೂ ಕೋರ್ಟಿಗೆ ಎಳದ್ರು. 2023ರಾಗ ಅವನೇ ಗೆದ್ದ. ಆ ಮೂರು ಪಟ್ಟಿನೂ ಮೊದಲಿಗೆ ಫಿನ್‌ಲೆಂಡಿನ ಕಾರ್ಹು ಕಂಪನೀವು. 1952ರ ಹೆಲ್ಸಿಂಕಿ ಒಲಿಂಪಿಕ್ಸ್ ಸುಮಾರಿಗೆ ಒಂದಿಷ್ಟು ರೊಕ್ಕ, ಎರಡು ಬಾಟಲಿ ವಿಸ್ಕಿಗೆ ಕೊಟ್ವಿ ಅಂತ ಅವರೇ ಹೇಳ್ತಾರ. ಅದೇ ಹೆಲ್ಸಿಂಕಿಗೆ ನಮ್ಮ ಖಾಶಾಬಾ ಜಾಧವರನ್ನ ಮಂದಿ ಪಟ್ಟಿ ಎತ್ತಿ ಕಳಿಸಿದ್ರು. ಕುಸ್ತಿಯಾಗ ಕಂಚು ತಂದ್ರು.

ಅಸಲಿ ಕೊಲಾಬ್‌ಗೆ ಅಷ್ಟು ರೇಟು ಯಾಕೆ?

ಬೇಕಂತಲೇ ಮಾಲು ಕಡಿಮಿ ತಯಾರ ಮಾಡ್ತಾರ. 1998ರಾಗ ಪೂಮಾ ಮತ್ತ ಫ್ಯಾಶನ್ ಡಿಸೈನರ್ ಜಿಲ್ ಸ್ಯಾಂಡರ್ ಕೂಡಿ ಬೂಟು ತಂದ್ರು. ಆವಾಗಿಂದ ಹಳೇ ಕಂಪನಿಗೆ ಹೊಸ ಗಿರಾಕಿ, ಹೊಸ ಹೆಸರಿಗೆ ಹಳೇ ಮರ್ಯಾದಿ. ನ್ಯೂಯಾರ್ಕಿನ ಸುಪ್ರೀಮ್ ಅಂಗಡಿ ಮುಂದ ಹುಡುಗರು ಪಾಳಿ ಹಚ್ಚಿ ಕೊಳ್ತಾರ, ತೊಡದೇ ದುಪ್ಪಟ್ಟಿಗೆ ಮಾರ್ತಾರ. ನಮ್ಮ ಕಡೆನೂ ಯೂರಿಯಾಕ್ಕ ಪಾಳಿ ಹಚ್ತಾರ್ರೀ, ಆದ್ರ ತಂದು ಹೊಲಕ್ಕ ಹಾಕ್ತಾರ.

ನಿಮ್ಮ ಗಿರಾಕಿ ಯಾರು?

ನಿಲಂಗಾ, ಉಮರ್ಗಾದ ಹುಡುಗರು. ಪೊಲೀಸ್ ಭರ್ತಿಗಂತ ನಸುಕಿನಾಗ ಎದ್ದು 1600 ಮೀಟರ್ ಓಡ್ತಾರ. ಟೈಮ್ ಹಿಡಿಯೋ ಸಾಹೇಬ ಪಟ್ಟಿ ಎಣಸಂಗಿಲ್ಲ. ಕಿಸೆಕ್ಕ ಚೈನ್ ಇದ್ರ ಆತು, ಹಾಲ್ ಟಿಕೆಟ್ ಬೀಳಬಾರದು.

ಈ ಕೊಲಾಬ್ ಎಷ್ಟು ದಿನ ಬಾಳಬಹುದು?

ಮೊದಲ ಸಲ ಒಗಿಯೋ ತನ. ಬೆಕ್ಕು ಬಕೀಟಿನಾಗ ಉಳೀತದ. ತಗೊಳ್ಳಾವರಿದ್ರ ಮೆಲ್ಲಕ ಹೇಳ್ತೀನಿ: ಗಾಡಿಯಂವ ಇನ್ನೂರು ಅಂತಾನ, ನೀವು ನೂರಾ ಇಪ್ಪತ್ತು ಅನ್ರಿ.